ತಲೆ ಹಿಡಿದವರು

ನಮ್ಮ ಅತ್ತೆ ಕಾಲು ಮುಂದಾಗಿ ಹುಟ್ಟಿದವರು. ಹಾಗೆ ಹುಟ್ಟಿದವರ ಪಾದ ತಾಗಿದರೆ ಸೊಂಟದ ಉಳುಕು ಬಿಟ್ಟುಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಈಗಲೂ ಗಟ್ಟಿಯಾಗಿದೆ. ಅವರು ಇನ್ನೂ ಲಂಗ ಹಾಕುವ ವಯಸ್ಸಿನಲ್ಲೇ ಊರ ಹಿರಿಯರು ಬಂದು ಜಗಲಿಯ ಮೇಲೆ ಬೋರಲು ಮಲಗುತ್ತಿದ್ದರಂತೆ. "ದೊಡ್ಡೋರಿಗೆಲ್ಲ ಒದೆಯೋಕೆ ಪರ್ಮಿಶನ್ ಇದ್ದೋಳು ಇಡೀ ಊರಲ್ಲಿ ನಾನೊಬ್ಬಳೇ" ಎಂದು ಹೇಳಿಕೊಂಡು ನಗುತ್ತಾರೆ. ಮದುವೆಯಾಗಿ ಭದ್ರಾವತಿಯ ಜನ್ನಾಪುರಕ್ಕೆ ಬಂದ ಮೇಲೆ ಕಾಲಿನ ವಿದ್ಯೆ ಕೈಗೂ ಹತ್ತಿತು. ಹರಳೆಣ್ಣೆ ಬೆಚ್ಚಗೆ ಮಾಡಿ, ಕುತ್ತಿಗೆ ನೀವಿ, ಮನೆಮಠದ ಮಾತಾಡಿಸುತ್ತಾ ಇದ್ದಕ್ಕಿದ್ದಂತೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿಬಿಡುತ್ತಿದ್ದರು. ಲಟಕ್ ಎಂದು ಸದ್ದಾಗುತ್ತಿತ್ತು. ಬಂದವರು "ಅಬ್ಬಾ, ಹಗುರಾಯ್ತು ಕಣಮ್ಮ" ಎನ್ನುತ್ತಾ ಎದ್ದು ಹೋಗುತ್ತಿದ್ದರು. ಅತ್ತೆ ಯಾರ ಹತ್ತಿರವೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಎಲೆ ಅಡಿಕೆ ಕೊಟ್ಟರೆ ದೇವರ ಮುಂದಿಟ್ಟು ಸುಮ್ಮನಾಗುತ್ತಿದ್ದರು.

ನಾನು ಅವರ ಸೊಸೆ. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಅದರಲ್ಲೂ ಕ್ಯಾಶುವಾಲ್ಟಿಯಲ್ಲಿ. ಅಂದರೆ ಬಿದ್ದವರು, ಗುದ್ದಿಸಿಕೊಂಡವರು, ಕಚ್ಚಿಸಿಕೊಂಡವರು ಮೊದಲು ಬರುವ ಜಾಗದಲ್ಲಿ. ಬಾಯಿ ಸ್ವಲ್ಪ ಜೋರು. ಅಲ್ಲಿ ಮೆತ್ತಗೆ ಮಾತಾಡಿದರೆ ಯಾರ ಕಿವಿಗೂ ಬೀಳುವುದಿಲ್ಲ, ಹಾಗಾಗಿ ಮನೆಯಲ್ಲೂ ಅದೇ ಅಭ್ಯಾಸವಾಗಿಹೋಗಿದೆ. ಇಂಥ ಬಾಯಿಯವಳು ಇಂಥ ಕೈಯವರ ಮನೆಗೆ ಸೊಸೆಯಾಗಿ ಬಂದದ್ದನ್ನು ನೆನೆದರೆ ದೇವರಿಗೂ ಒಂದಿಷ್ಟು ತಮಾಷೆ ಬೇಕಾಗುತ್ತದೆ ಅನ್ನಿಸುತ್ತದೆ.

ಮದುವೆಯಾದ ಹೊಸದರಲ್ಲೇ ಒಮ್ಮೆ ಹೇಳಿ ನೋಡಿದೆ. "ಅತ್ತೆ, ಸೊಂಟಕ್ಕೆ ಕಾಲಿಡಿ, ಬೇಡ ಅನ್ನಲ್ಲ. ಬಿದ್ದು ಬಂದವರ ಕುತ್ತಿಗೆ ಮಾತ್ರ ತಿರುಗಿಸಬೇಡಿ." ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, "ಬಿದ್ದೋರು ಬರದೆ ಇನ್ಯಾರೇ ಬರ್ತಾರೆ, ನಿಂತೋರಾ?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ನನ್ನ ಗಂಡ ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕುವವರು. ಅತ್ತೆಯ ರೋಗಿಗಳು ಹಿತ್ತಲಿಗೆ, ನನ್ನ ರೋಗಿಗಳು ಶಿವಮೊಗ್ಗಕ್ಕೆ, ಒಬ್ಬರ ಕೆಲಸದಲ್ಲಿ ಒಬ್ಬರು ತಲೆ ಹಾಕಬಾರದು ಎಂದು ಒಪ್ಪಂದ ಮಾಡಿಸಿದರು. ಇಪ್ಪತ್ತು ವರ್ಷ ಅದು ಚೆನ್ನಾಗಿಯೇ ನಡೆಯಿತು. ನಿದ್ದೆಯಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡರೆ ಅತ್ತೆಯ ಕೈಗೆ ಸಿಗದ ಹಾಗೆ ಓಡಾಡುತ್ತಿದ್ದೆ. ಅವರು ಸ್ನಾನಕ್ಕೆ ಹೋದಾಗ ಮಾತ್ರ ಮೆಲ್ಲಗೆ ನನ್ನ ದಿಂಬನ್ನು ಬಿಸಿಲಿಗೆ ಹಾಕುತ್ತಿದ್ದೆ. ದಿಂಬು ಕಾದರೆ ಕುತ್ತಿಗೆ ಬಿಡುತ್ತದೆ ಎಂದು ಯಾವ ನರ್ಸಿಂಗ್ ಪುಸ್ತಕವೂ ಹೇಳುವುದಿಲ್ಲ. ಆದರೆ ಬಿಡುತ್ತದೆ, ಏನು ಮಾಡಲಿ?

ಕಳೆದ ಬೇಸಿಗೆಯ ರಜೆಗೆ ನನ್ನ ನಾದಿನಿ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಮಗಳಿಗೆ ಆರು ವರ್ಷ. ನಿಂತಲ್ಲಿ ನಿಲ್ಲುವ ಪೈಕಿಯಲ್ಲ. ಮನೆಯ ಹಿಂದೆ ಒಂದು ನೇರಳೆ ಮರವಿದೆ, ಆಗ ಹಣ್ಣು ಬಿಟ್ಟಿತ್ತು. ನೇರಳೆಯ ಕೊಂಬೆ ನೋಡಲು ದಪ್ಪ, ಹತ್ತಿದರೆ ಹಪ್ಪಳ. ಅದನ್ನು ಎಲ್ಲರೂ ಅವಳಿಗೆ ಹೇಳಿದ್ದರು, ಅವಳು ಎಲ್ಲರಿಗೂ ಹ್ಞೂಂ ಅಂದಿದ್ದಳು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನು ಪಾತ್ರೆ ಒರೆಸುತ್ತಿದ್ದೆ. ಹಿತ್ತಲಲ್ಲಿ ಕೊಂಬೆ ಮುರಿದ ಸದ್ದಾಯಿತು, ಆಮೇಲೆ ನೆಲಕ್ಕೆ ಏನೋ ಬಿದ್ದ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಮಕ್ಕಳು ಬಿದ್ದು ಕೂಡಲೇ ಅತ್ತರೆ ನಮಗೆ ಅರ್ಧ ಸಮಾಧಾನ. ಆ ಮೌನ ನನಗೆ ಹಿಡಿಸಲಿಲ್ಲ.

ನಾನು ಬಟ್ಟೆ ಬಿಸಾಕಿ ಹೊರಗೆ ಬರುವಷ್ಟರಲ್ಲಿ ಅಳು ಶುರುವಾಗಿತ್ತು. ಹುಡುಗಿ ಅಂಗಾತ ಬಿದ್ದಿದ್ದಳು. ತಲೆ ಒಂದು ಕಡೆಗೆ ವಾಲಿ ನಿಂತಿತ್ತು. ಬಾಯಿಯೆಲ್ಲ ನೇರಳೆ ಬಣ್ಣ. ಅದನ್ನು ಕಂಡು ರಕ್ತವೆಂದುಕೊಂಡ ನಾದಿನಿ ಬಾಗಿಲಲ್ಲೇ ಕುಸಿದು ಕೂತಿದ್ದಳು. ಅತ್ತೆ ಮಾತ್ರ ನನಗಿಂತ ಮೊದಲೇ ಮುಟ್ಟಿದ್ದರು. ಮೊಮ್ಮಗಳ ತಲೆಯ ಹಿಂದೆ ನೆಲದ ಮೇಲೆ ಕೂತು, ಎರಡೂ ಅಂಗೈಗಳನ್ನು ಅವಳ ಕಿವಿಗಳ ಪಕ್ಕಕ್ಕೆ ಕೊಟ್ಟು, ಬೆರಳುಗಳನ್ನು ದವಡೆಯ ಕೆಳಗೆ ಇಟ್ಟು ಆಗಿತ್ತು. ಆ ಹಿಡಿತ ನನಗೆ ಗೊತ್ತು. ಅದರ ಮುಂದಿನ ಸದ್ದೂ ಗೊತ್ತು.

ನಾನು "ಅತ್ತೆ!" ಎಂದು ಕೂಗಿದ ಕೂಗಿಗೆ ಎದುರುಮನೆಯವರೂ ಓಡಿ ಬಂದರು.

ಅವರ ಕೈ ಹಿಡಿದು ಎಳೆಯಬೇಕು ಅನ್ನಿಸಿತು, ನಿಜ ಹೇಳುತ್ತೇನೆ. ಆದರೆ ಎಳೆದರೆ ತಲೆ ಅಲುಗುತ್ತದೆ. ಅವರು ಬಿಟ್ಟು ನಾನು ಹಿಡಿದರೆ ಇನ್ನೊಂದು ಸಲ ಅಲುಗುತ್ತದೆ. ಅಜ್ಜಿಯ ಕೈ ತಪ್ಪಿಹೋದರೆ ಹೆದರಿದ ಮಗು ತಲೆ ಹೊರಳಿಸಿ ಹುಡುಕುತ್ತದೆ. ಆಗ ಹೊಳೆದದ್ದು ಇಷ್ಟು: ಆ ಹಿಡಿತದಲ್ಲಿ ತಪ್ಪೇನೂ ಇಲ್ಲ. ಕ್ಯಾಶುವಾಲ್ಟಿಯಲ್ಲಿ ನಾವು ಹಿಡಿಯುವುದೂ ಸುಮಾರಾಗಿ ಹೀಗೆಯೇ. ತಿರುಗಿಸಬಾರದು, ಅಷ್ಟೇ.

ನಾನು ಅವರ ಎದುರಿಗೆ ಮೊಣಕಾಲೂರಿ ಕೂತೆ. "ಅತ್ತೆ, ಹಿಡಿದ ಕೈ ಹಾಗೇ ಇರಲಿ. ತಿರುಗಿಸಬೇಡಿ, ನೆಟ್ಟಗೂ ಮಾಡಬೇಡಿ. ಬಿಡಲೂ ಬೇಡಿ."

"ಉಳುಕಿದೆ ಕಣೆ, ನೋಡು ಎಷ್ಟು ವಾರೆಯಾಗಿದೆ. ಒಂದೇ ಒಂದ್ಸಲ..."

"ಉಳುಕಲ್ಲ. ಮೂಳೆ ಜರುಗಿರಬಹುದು. ಒಳಗಡೆ ಇರೋದು ಕೈಕಾಲಿಗೆ, ಉಸಿರಿಗೆ ಹೋಗೋ ನರ. ತಿರುಗಿಸಿದ್ರೆ ಇವಳು ಮತ್ತೆ ನಡೆಯೋದಿಲ್ಲ."

ನಾನು ಅದನ್ನು ಮೆಲ್ಲಗೆ ಹೇಳಿದೆ. ನಾನು ಮೆಲ್ಲಗೆ ಮಾತಾಡಿದ್ದನ್ನು ಅತ್ತೆ ಅದುವರೆಗೆ ಕೇಳಿರಲಿಲ್ಲವೇನೋ, ನನ್ನ ಮುಖವನ್ನೇ ನೋಡಿದರು. ಅವರ ಕೈ ನಿಂತಿತು.

ಹುಡುಗಿಯನ್ನು ಮಾತಾಡಿಸಿದೆ. ಕಾಲಿನ ಬೆರಳು ಆಡಿಸು ಎಂದೆ, ಆಡಿಸಿದಳು. ನನ್ನ ಬೆರಳು ಹಿಂಡು ಎಂದೆ. ಎಡಗೈಯಲ್ಲಿ ಗಟ್ಟಿಯಾಗಿ ಹಿಂಡಿದಳು, ಬಲಗೈಯಲ್ಲಿ ಸ್ವಲ್ಪ ಸಡಿಲ. "ಕೈ ಜುಮುಜುಮು ಅನ್ನತ್ತೆ" ಎಂದು ಅಳತೊಡಗಿದಳು. ನೋವು ಎಲ್ಲಿ ಎಂದರೆ ತಲೆಯಾಡಿಸಲು ಹೊರಟಳು. "ಬಾಯಲ್ಲೇ ಹೇಳು ಪುಟ್ಟಿ, ತಲೆ ಆಡಿಸಬೇಡ" ಎಂದೆ. ಕತ್ತಿನ ಹಿಂಭಾಗ ಎಂದಳು. ಫೋನು ತೆಗೆದು ಆಂಬುಲೆನ್ಸಿಗೆ ಹೇಳಿದೆ. ಬಿದ್ದ ಮಗು, ಕುತ್ತಿಗೆ ಪೆಟ್ಟು, ಮಲಗಿಸಿ ಸಾಗಿಸೋ ಹಲಗೆ ಬೇಕು ಎಂದು ಮೂರು ಸಲ ಹೇಳಿದೆ.

ಆಮೇಲೆ ಕಾಯುವ ಕೆಲಸ. ಬಿದ್ದವರ ಹತ್ತಿರ ಸುಮ್ಮನೆ ಕೂರುವುದು ನಮ್ಮ ಜನಕ್ಕೆ ಬಾರದ ವಿದ್ಯೆ. ಎತ್ತಿ ಕೂರಿಸಬೇಕು, ಬೆನ್ನು ತಟ್ಟಬೇಕು, ನೀರು ಕುಡಿಸಬೇಕು. ಪಕ್ಕದ ಮನೆಯಾಕೆ ಚೊಂಬು ಹಿಡಿದು ಬಂದೇಬಿಟ್ಟಳು. ನಾನು ತಡೆದೆ. ನಾದಿನಿ ಒಳಗೋಡಿ ಮಗಳ ತಲೆಗೆಂದು ದಿಂಬು ತಂದಳು. ಅದನ್ನೂ ತಡೆದೆ. ಎದುರುಮನೆಯವರು ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ತಮಿಳು ಹಿರಿಯರು, ಒಳ್ಳೆಯ ಮನುಷ್ಯ. ಅವರು ರಸ್ತೆಗೆ ಓಡಿ ಆಟೋ ನಿಲ್ಲಿಸಿಕೊಂಡು ಬಂದು, "ತೂಕ್ಕುಮ್ಮಾ, ಎತ್ತಿ ಎತ್ತಿ, ಹತ್ತು ನಿಮಿಷದಲ್ಲಿ ಆಸ್ಪತ್ರೆ ಸೇರ್ಸ್ತೀನಿ" ಎಂದು ಕೈ ಚಾಚಿದರು. ಬೇಡ ಎಂದೆ. ಆಟೋದವನು ಸ್ವಲ್ಪ ಹೊತ್ತು ಕಾದು, ನನ್ನನ್ನು ಒಂದು ಥರ ನೋಡಿ ಹೊರಟುಹೋದ.

"ನರ್ಸಂತೆ. ಮಗೂನ ನೆಲದಲ್ಲಿ ಬಿಟ್ಕೊಂಡು ಕೂತವ್ಳೆ" ಎಂದು ಬೇಲಿಯಾಚೆ ಯಾರೋ ಅಂದದ್ದು ಕೇಳಿಸಿತು. ಬೇರೆ ದಿನವಾಗಿದ್ದರೆ ಅವರಿಗೆ ಸರಿಯಾಗಿ ನೀರಿಳಿಸುತ್ತಿದ್ದೆ. ಆಗ ಮಾತ್ರ ಆಂಬುಲೆನ್ಸ್ ತಡವಾದರೆ ಏನು ಗತಿ, ಉಸಿರು ಕೆಟ್ಟರೆ ಏನು ಮಾಡಲಿ ಎಂದು ಯೋಚಿಸುತ್ತಾ ಹುಡುಗಿಯ ಎದೆಯ ಏರಿಳಿತವನ್ನು ನೋಡುತ್ತಾ ಕೂತಿದ್ದೆ. ನಾದಿನಿ ದೇವರ ಮನೆಯಿಂದ ವಿಭೂತಿ ತಂದು, "ಅತ್ತಿಗೆ, ಇದಾದ್ರೂ ಹಚ್ಚಬಹುದಾ?" ಎಂದು ಕೇಳಿದಳು. ಹಚ್ಚು, ಒತ್ತಬೇಡ ಎಂದೆ. ಒಂದು ಬೆರಳಲ್ಲಿ ಹಣೆಗೆ ತಾಗಿಸಿದಳು. ಮಗಳ ಕೈ ಹಿಡಿದುಕೊಂಡು ಅಲ್ಲೇ ಕೂತಳು.

ಅಷ್ಟು ಜನ ನೆರೆದಿದ್ದರಲ್ಲ, ಅವರಲ್ಲಿ ಅರ್ಧ ಜನ ಅದೇ ಹಿತ್ತಲಲ್ಲಿ ಕುತ್ತಿಗೆ ಕೊಟ್ಟು ಹೋದವರು. ಎಲ್ಲರೂ ಅತ್ತೆಯ ಕೈಯನ್ನೇ ನೋಡುತ್ತಿದ್ದರು. "ಅಮ್ಮಾ, ನೀವೇ ಒಂದ್ಸಲ ನೋಡ್ಬಾರ್ದಾ?" ಎಂದು ಪಕ್ಕದ ಮನೆಯಾಕೆ ಕೇಳಿಯೂ ಬಿಟ್ಟಳು. ಅತ್ತೆ ಇಲ್ಲವೆನ್ನುವಂತೆ ಕಣ್ಣು ಮುಚ್ಚಿ ತೆರೆದರು.

ಆಂಬುಲೆನ್ಸ್ ಬಂತು. ಅದರಲ್ಲಿದ್ದ ಟೆಕ್ನೀಶಿಯನ್ ಶಾಂತ ಸ್ವಭಾವದವನು, ಕೆಲಸ ಗೊತ್ತಿದ್ದವನು. ಕುತ್ತಿಗೆಗೆ ಹಾಕುವ ಕಾಲರ್ ತೆಗೆದು ಅಳತೆ ನೋಡಿದ. "ದೊಡ್ಡದಾಗುತ್ತೆ ಸಿಸ್ಟರ್. ತಲೆ ಬೇರೆ ವಾರೆ ಇದೆ, ಒತ್ತಾಯ ಮಾಡೋದು ಬೇಡ. ಅಜ್ಜಿ ಚೆನ್ನಾಗಿ ಹಿಡ್ಕೊಂಡಿದ್ದಾರೆ, ಹಾಗೇ ಹಿಡ್ಕೊಂಡು ಬರ್ಲಿ" ಎಂದ. ಹಲಗೆ ತಂದ. ನಾನು ಒಂದು ದುಪ್ಪಟಿಯನ್ನು ಮಡಚಿ ಹಲಗೆಯ ಮೇಲೆ ಬೆನ್ನು ಬರುವ ಜಾಗದಲ್ಲಿ ಹಾಸಿದೆ. ದೊಡ್ಡವರಿಗೆ ಇದು ಬೇಡ. ಚಿಕ್ಕ ಮಕ್ಕಳಿಗೆ ಮೈಯ ಲೆಕ್ಕದಲ್ಲಿ ತಲೆಯೇ ದೊಡ್ಡದು. ಬರೀ ಹಲಗೆಯ ಮೇಲೆ ಮಲಗಿಸಿದರೆ ತಲೆ ಮೇಲೆದ್ದು, ಗದ್ದ ಎದೆಗೆ ತಾಗಿ, ಕುತ್ತಿಗೆ ಮುಂದಕ್ಕೆ ಮಡಚಿಕೊಳ್ಳುತ್ತದೆ. ಅದಕ್ಕೇ ತಲೆಗೆ ದಿಂಬು ಬೇಡವೆಂದದ್ದು. ಮೆತ್ತೆ ಬೇಕಾದದ್ದು ಬೆನ್ನಿಗೆ.

ಹಲಗೆಗೆ ಹೊರಳಿಸುವಾಗ ಒಂದು ನಿಯಮವಿದೆ. ತಲೆ, ಭುಜ, ಸೊಂಟ, ಕಾಲು ಎಲ್ಲ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ ತಿರುಗಬೇಕು. ಯಾವಾಗ ತಿರುಗಿಸಬೇಕು ಎಂದು ಹೇಳುವವರು ತಲೆ ಹಿಡಿದವರು. ಅವರ ಬಾಯಿಂದ ಮಾತು ಬರುವ ತನಕ ಬೇರೆ ಯಾರೂ ಅಲುಗುವಂತಿಲ್ಲ, ಡಾಕ್ಟರೇ ನಿಂತಿದ್ದರೂ ಸರಿ. ನಾನು ಅತ್ತೆಗೆ ಅದನ್ನು ಹೇಳಿದೆ. "ನೀವು ಹ್ಞೂಂ ಅಂದ್ಮೇಲೇ ನಾವು ತಿರುಗಿಸೋದು. ಮೈ ಎಷ್ಟು ತಿರುಗುತ್ತೋ ತಲೆಯೂ ಅಷ್ಟೇ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಹಿತ್ತಲಲ್ಲಿ ಅವತ್ತು ಎರಡೂ ಕಾಲ ಒಟ್ಟಿಗೇ ಬಂದು ನಿಂತಿತ್ತು. ಎದುರುಮನೆಯ ಹಿರಿಯರು ಕಾಲಿನ ಕಡೆ, ಟೆಕ್ನೀಶಿಯನ್ ಸೊಂಟದ ಕಡೆ, ನಾನು ಭುಜದ ಕಡೆ, ಎಲ್ಲರೂ ಅತ್ತೆಯ ಬಾಯಿ ನೋಡುತ್ತಾ ಕಾದೆವು. ಅವರು ಮೊಮ್ಮಗಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ, "ಹ್ಞೂಂ, ಈಗ" ಎಂದರು. ಹುಡುಗಿ ಹಲಗೆಯ ಮೇಲೆ ಬಂದಳು, ಕತ್ತು ಇದ್ದ ಹಾಗೇ ಇತ್ತು. ನಾದಿನಿ ಮುಂದೆ ಡ್ರೈವರ್ ಪಕ್ಕ ಕೂತಳು. ನಾವು ಹಿಂದೆ.

ಭದ್ರಾವತಿಯಿಂದ ಶಿವಮೊಗ್ಗದ ರಸ್ತೆಯನ್ನು ನಾನು ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಸವೆಸಿದವಳು. ಅವತ್ತು ಅದರ ಒಂದೊಂದು ಹಂಪೂ ಗೊತ್ತಾಯಿತು. ಡ್ರೈವರ್ ನಿಧಾನವಾಗಿಯೇ ಬಿಟ್ಟ. ತಲೆಯ ಎರಡೂ ಪಕ್ಕ ಸುತ್ತಿದ ಟವೆಲ್ ಇಟ್ಟು, ಮೈಗೆ ಪಟ್ಟಿ ಬಿಗಿದು ಆಗಿತ್ತು. ಅತ್ತೆ ತಲೆಯ ಕಡೆಯ ಸೀಟಿನಲ್ಲಿ ಕೂತು, ಮೊಣಕೈಗಳನ್ನು ತೊಡೆಗೆ ಊರಿ ಹಿಡಿದಿದ್ದರು. ಮಲವಗೊಪ್ಪ ಬರುವ ಹೊತ್ತಿಗೆ ಹುಡುಗಿಗೆ ವಾಂತಿ ಬಂತು. ಕುತ್ತಿಗೆ ಪೆಟ್ಟಾದ ಮಗು ಅಂಗಾತ ಮಲಗಿ ವಾಂತಿ ಮಾಡುವುದೆಂದರೆ ನಮಗೆ ಅದಕ್ಕಿಂತ ಭಯ ಇನ್ನೊಂದಿಲ್ಲ. ನಾನು ಹೇಳುವ ಮೊದಲೇ ಅತ್ತೆ "ಈಗ" ಎಂದರು. ನಾನೂ ಟೆಕ್ನೀಶಿಯನ್ನೂ ಹಲಗೆಯನ್ನೇ ಪಕ್ಕಕ್ಕೆ ವಾಲಿಸಿದೆವು. ತಿಂದ ನೇರಳೆಯೆಲ್ಲ ಹೊರಗೆ ಬಂತು, ನನ್ನ ಸೀರೆಯ ಮೇಲೂ ಬಂತು. ಉಸಿರು ಸರಾಗವಾಯಿತು.

ಹೊಟ್ಟೆ ಹಗುರಾದ ಮೇಲೆ ಹುಡುಗಿಗೆ ನೋವು ಹೆಚ್ಚು ತಿಳಿಯತೊಡಗಿತು. ಅಳುವುದನ್ನು ಬಿಟ್ಟು ಬೇಡಿಕೊಳ್ಳಲು ಶುರು ಮಾಡಿದಳು. "ಅಜ್ಜೀ, ತಿರುಗಿಸಿ ಸರಿ ಮಾಡು ಅಜ್ಜೀ. ಲಟಕ್ ಅನ್ಸು. ಎಲ್ಲರಿಗೂ ಮಾಡ್ತೀಯಲ್ಲ, ನಂಗೂ ಮಾಡು."

ನಾನು ಅತ್ತೆಯ ಕೈ ನೋಡಿದೆ. ಅವರ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅವರು ಆಮೇಲೆ ಅಡುಗೆಮನೆಯಲ್ಲಿ ನನ್ನ ಹತ್ತಿರ ಹೇಳಿದ್ದಾರೆ, ಆ ಹೊತ್ತಿಗೂ ಅವರ ಮನಸ್ಸಿನಲ್ಲಿ ಅರ್ಧ ಉಳುಕೇ ಇತ್ತಂತೆ. ಒಂದು ಸಲ ತಿರುಗಿಸಿದರೆ ಮಗುವಿನ ಅಳು ನಿಂತೇಬಿಡುತ್ತದೆ ಎಂದು ಕೈ ಹೇಳುತ್ತಿತ್ತಂತೆ.

"ಮಾಡು ಅಜ್ಜೀ."

ಅತ್ತೆಯ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಇರಲಿಲ್ಲ. "ಅಜ್ಜಿಗೆ ಬರಲ್ಲ ಕಂದಾ" ಎಂದರು. "ಅಜ್ಜಿಗೆ ಅದೆಲ್ಲ ಏನೂ ಬರಲ್ಲ. ಡಾಕ್ಟರಿಗೆ ಬರುತ್ತೆ. ಅಲ್ಲೀತನಕ ಸುಮ್ನೆ ಹಿಡ್ಕೊಂಡಿರೋದಷ್ಟೇ ಅಜ್ಜಿಗೆ ಬರೋದು."

ನಾನು ಅವರ ಸೆರಗು ಎಳೆದು ಅವರ ಮುಖ ಒರೆಸಿದೆ. ಅಷ್ಟು ವರ್ಷದಲ್ಲಿ ನಾನು ಅವರ ಮುಖ ಮುಟ್ಟಿದ್ದು ಅದೇ ಮೊದಲು. ಆ ಹೆಂಗಸಿನ ಮೇಲೆ ನನಗೆ ಆವಾಗ ಉಕ್ಕಿದ ಪ್ರೀತಿ ನನ್ನ ತಾಯಿಯ ಮೇಲೂ ಉಕ್ಕಿರಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಜೊತೆಯವರೇ ಕಾದಿದ್ದರು. ಉಸಿರು, ನಾಡಿ, ರಕ್ತದೊತ್ತಡ ನೋಡಿದರು, ಕೈಕಾಲಿನ ಬಲ ಮತ್ತೆ ನೋಡಿದರು, ನೋವಿಗೆ ಔಷಧಿ ಕೊಟ್ಟರು. ಮಕ್ಕಳ ಅಳತೆಯ ಕಾಲರ್ ತಂದು, ತಲೆ ಇದ್ದ ಹಾಗೇ ಇಟ್ಟು ಆಧಾರ ಕೊಟ್ಟರು. "ಅಜ್ಜಿ, ಈಗ ಬಿಡಬಹುದು" ಎಂದು ಕ್ಯಾಶುವಾಲ್ಟಿಯ ಡಾಕ್ಟರು ಹೇಳಿದರು. ಅತ್ತೆ ನನ್ನ ಕಡೆ ನೋಡಿದರು. ನಾನು ಹ್ಞೂಂ ಅಂದ ಮೇಲೆ ಬಿಟ್ಟರು. ಬಿಟ್ಟ ಮೇಲೂ ಬೆರಳುಗಳು ಬಾಗಿಯೇ ಇದ್ದವು. ಹೊರಗೆ ಬೆಂಚಿನ ಮೇಲೆ ಕೂರಿಸಿ ನಾದಿನಿ ಒಂದೊಂದಾಗಿ ನೀವಿ ಬಿಡಿಸಿದಳು.

ಸ್ಕ್ಯಾನ್ ಆಯಿತು. ಕತ್ತಿನ ಎರಡನೆಯ ಮೂಳೆ ಎಳೆಯ ಮಕ್ಕಳಲ್ಲಿ ಇನ್ನೂ ಪೂರ್ತಿ ಬೆಸೆದಿರುವುದಿಲ್ಲ. ಆ ಬೆಸುಗೆಯ ಜಾಗದಲ್ಲಿ ಬಿಟ್ಟುಕೊಂಡು ಮೂಳೆ ಸ್ವಲ್ಪ ಮುಂದೆ ಜರುಗಿತ್ತು. ನರಕ್ಕೆ ಒತ್ತಿತ್ತು, ಹರಿದಿರಲಿಲ್ಲ. ಮೂಳೆಯ ಡಾಕ್ಟರು ಚಿತ್ರವನ್ನು ಪರದೆಯ ಮೇಲೆ ತೋರಿಸಿ, "ನರಕ್ಕೆ ಇಷ್ಟೇ ಜಾಗ ಉಳಿದಿದ್ದು" ಎಂದು ಉಗುರಿನ ತುದಿ ತೋರಿಸಿದರು. "ಎತ್ತಿ ಕೂರಿಸಿದ್ರೆ, ತಿರುಗಿಸಿದ್ರೆ ಕಷ್ಟ ಆಗ್ತಿತ್ತು. ದಾರಿಯಲ್ಲಿ ಹಿಡ್ಕೊಂಡಿದ್ದು ಯಾರು?"

ಅತ್ತೆ ಆ ಉಗುರಿನ ತುದಿಯನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ನನ್ನನ್ನು ಒಂದು ಕಡೆ ನಿಲ್ಲಿಸಿ ಕೇಳಿದರು. "ಇಷ್ಟು ವರ್ಷದಲ್ಲಿ ಎಷ್ಟು ಜನ ಬಿದ್ದು ಬಂದಿದ್ರು. ಚಿಕ್ಕ ಮಕ್ಕಳೂ ಬಂದಿದ್ವು. ತಿರುಗಿಸಿ ಕಳಿಸಿದೀನಿ. ಅವರಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದ್ರೆ, ನಂಗೆ ಬಂದು ಹೇಳ್ತಿದ್ರಾ?"

ಇದೇ ಮಾತನ್ನು ಅವರ ಮುಖದ ಮೇಲೆ ಹೊಡೆದ ಹಾಗೆ ಕೇಳಬೇಕೆಂದು ನಾನು ಎಷ್ಟೋ ವರ್ಷ ಕಾದಿದ್ದೆ. ಅವರೇ ಕೇಳಿದಾಗ ಬೇಡವಾಗಿತ್ತು ಅನ್ನಿಸಿತು.

"ಗೊತ್ತಿಲ್ಲ ಅತ್ತೆ" ಎಂದೆ. ಅವರು, ಮಗುವಿಗೆ ಹಸಿವಾಗಿರುತ್ತೆ, ಯಾವಾಗ ಊಟ ಕೊಡಬಹುದು ಕೇಳು ಎಂದರು.

ಹುಡುಗಿಯ ತಲೆಯ ಸುತ್ತ ಲೋಹದ ಒಂದು ಬಳೆಯನ್ನು ಪಿನ್ನುಗಳಿಂದ ಬುರುಡೆಗೆ ಕೂರಿಸಿದರು. ಅದರಿಂದ ಕಂಬಿಗಳು ಇಳಿದು ಎದೆಗೆ ತೊಡಿಸಿದ ಗಟ್ಟಿ ಅಂಗಿಗೆ ಸೇರುತ್ತಿದ್ದವು. ತಲೆಯನ್ನು ಕೂದಲೆಳೆಯಷ್ಟೂ ಆಡಿಸಲು ಆಗುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಬಲಗೈಯ ಜುಮುಜುಮು ಹೋಯಿತು. ಎದ್ದು ನಡೆದಳು. ಆ ಕಂಬಿಗಳ ಸಮೇತ ಇಡೀ ವಾರ್ಡು ಸುತ್ತಿ, ಎಲ್ಲರ ಮಂಚದ ಹತ್ತಿರ ನಿಂತು ಕಥೆ ಹೇಳಿ ಬಂದಳು. ಮಳೆಗಾಲ ಪೂರ್ತಿ ಜನ್ನಾಪುರದಲ್ಲೇ ಉಳಿದಳು. ಪಿನ್ನು ಕೂತ ಜಾಗಗಳನ್ನು ದಿನಾ ಶುಚಿ ಮಾಡುವುದನ್ನು ಅತ್ತೆಗೆ ಕಲಿಸಿದೆ. ನಾನು ಡ್ಯೂಟಿಗೆ ಹೋದರೆ ಅವರೇ ಮಾಡುತ್ತಿದ್ದರು. ಹಿತ್ತಲಿಗೆ ಸೊಂಟ ಹಿಡಿದುಕೊಂಡು ಬಂದವರಿಗೆ ಈಗಲೂ ಕಾಲಿಡುತ್ತಾರೆ. ಕುತ್ತಿಗೆ ಎಂದವರನ್ನು ಮಾತ್ರ, "ಶಿವಮೊಗ್ಗಕ್ಕೆ ಹೋಗಿ ಮಾರಾಯ್ರೆ" ಎಂದು ಕಳಿಸುತ್ತಾರೆ. ಕುಂಸಿಯಿಂದ ಬಸ್ಸು ಹಿಡಿದು ಬಂದ ಒಬ್ಬರು ಬೇಜಾರು ಮಾಡಿಕೊಂಡು, ಸೊಸೆ ತಲೆ ಕೆಡಿಸಿದಳು ಎಂದು ಅಂದರಂತೆ. ಅಂದುಕೊಳ್ಳಲಿ.

ಬಳೆ ತೆಗೆದ ಮೇಲೆ ಕೆಲವು ವಾರ ಮೆತ್ತನೆಯ ಕಾಲರ್ ಇತ್ತು. ಅದನ್ನೂ ತೆಗೆಯುವ ದಿನ ನಾವು ಮೂವರೂ ಅವಳನ್ನು ಕರೆದುಕೊಂಡು ಹೋದೆವು. ಡಾಕ್ಟರು ಹೊಸ ಚಿತ್ರ ನೋಡಿದರು, ಮೂಳೆ ಕೂಡಿದೆ ಎಂದರು, ಕಾಲರ್ ಬಿಚ್ಚಿ ಮೇಜಿನ ಮೇಲಿಟ್ಟರು. ಅವಳ ಕತ್ತು ತೆಳ್ಳಗೆ, ಬೆಳ್ಳಗೆ ಕಾಣುತ್ತಿತ್ತು. ಹುಡುಗಿ ಸ್ಟೂಲಿನ ಮೇಲೆ ಗೊಂಬೆಯ ಹಾಗೆ ನೇರವಾಗಿ ಕೂತಿದ್ದಳು. ತಿರುಗಬಹುದು ಎನ್ನುವುದೇ ಮರೆತುಹೋದ ಹಾಗಿತ್ತು.

"ಈಗ ನಿಧಾನಕ್ಕೆ ತಿರುಗಿ, ನಿಮ್ಮಜ್ಜಿ ಎಲ್ಲಿದ್ದಾರೆ ನೋಡು ಪುಟ್ಟಿ" ಎಂದರು ಡಾಕ್ಟರು.

ಅತ್ತೆ ಅವಳ ಎಡಗಡೆ, ಬಾಗಿಲ ಹತ್ತಿರ ನಿಂತಿದ್ದರು. ಹುಡುಗಿ ತಿರುಗಲು ಶುರು ಮಾಡಿದಳು. ಮೊದಲು ಕಣ್ಣು, ಆಮೇಲೆ ಗದ್ದ. ನೋವಿಲ್ಲವೆಂದು ತಿಳಿದು ನಗತೊಡಗಿದಳು, ಇನ್ನಷ್ಟು ತಿರುಗಿದಳು. ಅರ್ಧ ತಿರುಗಿರಬೇಕು, ಅತ್ತೆಗೆ ತಡೆಯಲಾಗಲಿಲ್ಲ.

"ಸಾಕು, ಸಾಕು ಕಂದಾ. ನೀನು ತಿರುಗಬೇಡ, ಅಜ್ಜಿನೇ ಆ ಕಡೆ ಬರ್ತೀನಿ" ಎನ್ನುತ್ತಾ, ನನ್ನನ್ನೂ ಡಾಕ್ಟರನ್ನೂ ಸರಿಸಿಕೊಂಡು, ಅವಳ ಎದುರಿಗೆ ಬಂದು ನಿಂತರು.